ಅರ್ಧ ಘಾತದ ಗಡಿ

2024ರ ಡಿಸೆಂಬರ್ ಹದಿನೈದು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ, ವಲಾಂಡಿಯ ಆಚೆಯ ಹಳ್ಳದ ದಂಡೆಯಲ್ಲಿ ಸುನಿಲ ತನ್ನ ಟೇಪಿನ ಸೊನ್ನೆಯ ತುದಿಯನ್ನು ಗಡಿಕಲ್ಲಿನ ನೆತ್ತಿಗೆ ಒತ್ತಿ ಹಿಡಿದು, "ಹೂಂ, ಎಳೀರಿ" ಅಂದ. ಟೇಪು ಒಣಹುಲ್ಲಿನ ಮೇಲೆ ಸರಸರ ಸದ್ದು ಮಾಡುತ್ತ ಗುಡ್ಡದ ಓರೆಯನ್ನು ಹತ್ತತೊಡಗಿತು. ಅದರ ಇನ್ನೊಂದು ತುದಿ ಪಂಡಿತನ ಕೈಯಲ್ಲಿತ್ತು. ಕೆಳಗೆ ಮಗಳ ಪಕ್ಕ ನಿಂತಿದ್ದ ಕಾಂತಾಬಾಯಿ ಟೇಪನ್ನು ನೋಡಲಿಲ್ಲ. ಓರೆಯ ಮೇಲ್ಭಾಗದಲ್ಲಿ, ಒಂದು ಮೆಟ್ಟಿಲಿನಷ್ಟೇ ಸಪಾಟಾದ ಜಾಗದಲ್ಲಿ, ಸುಣ್ಣ ಬಳಿದ ಚೌಕನೆಯ ಗದ್ದುಗೆಯಿತ್ತು. ಅವಳ ಕಣ್ಣು ಅದರ ಮೇಲಿತ್ತು.

ಅದು ಅವಳ ಗಂಡ ಸಿದ್ಧೇಶ್ವರನ ಗದ್ದುಗೆ. ಐದು ವರ್ಷದ ಹಿಂದೆ ಶ್ರಾವಣದಲ್ಲಿ ತೀರಿಕೊಂಡವನನ್ನು ಅಲ್ಲಿ ಕೂಡಿಸಿದ್ದರು. ಇವರ ಮನೆತನಗಳಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ತಮ್ಮ ಹೊಲದಲ್ಲೇ ಕುಣಿ ತೋಡಿ, ಪದ್ಮಾಸನದಲ್ಲಿ ಕೂಡಿಸಿ, ಮೇಲೆ ಕಟ್ಟೆ ಕಟ್ಟುತ್ತಾರೆ. ಪ್ರತಿ ಸೋಮವಾರ ಕಾಂತಾಬಾಯಿ ಓರೆ ಹತ್ತಿ ಹೋಗಿ ಕಟ್ಟೆಗೆ ನೀರು ಹಾಕಿ, ಭಸ್ಮ ಹಚ್ಚಿ, ಎಣ್ಣೆ ದೀಪ ಇಟ್ಟು ಬರುತ್ತಿದ್ದಳು. ಮೊಣಕಾಲು ನೋವು ಬಂದ ಮೇಲೂ ತಪ್ಪಿಸಿರಲಿಲ್ಲ.

ಪಂಡಿತ ಸಿದ್ಧೇಶ್ವರನ ತಮ್ಮ. ಇಪ್ಪತ್ತು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ಹಳ್ಳದ ಕಡೆಯ ಕಪ್ಪು ಮಣ್ಣು ಅಣ್ಣನಿಗೆ, ಮೇಲಿನ ಸಪಾಟು ಮಾಳ ತಮ್ಮನಿಗೆ ಬಂತು. ಓರೆಯ ಮಟ್ಟಿಗೆ ಪಾಲುಪತ್ರದಲ್ಲಿ ಒಂದೇ ಸಾಲಿತ್ತು: ಹಳ್ಳದ ಕಲ್ಲಿನಿಂದ ನಕಾಶೆಯ ಪ್ರಕಾರ ನಲವತ್ತು ಮೀಟರ್ ಅಣ್ಣನದು, ಅದರಾಚೆ ತಮ್ಮನದು. ಹುಲ್ಲು ಬಿಟ್ಟು ಬೇರೇನೂ ಬೆಳೆಯದ ಆ ಓರೆಯಲ್ಲಿ ಕಲ್ಲು ನೆಡುವ, ಬಾಂಧ ಎಂದರೆ ಬದು ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ.

ಈಗ ಗೋಜು ಬಂದಿತ್ತು. ಪಂಡಿತ ತನ್ನ ಮಾಳವನ್ನು ಬಿಸಿಲಿನಿಂದ ಕರೆಂಟು ತೆಗೆಯುವ ಒಂದು ಕಂಪನಿಗೆ ಇಪ್ಪತ್ತೊಂಬತ್ತು ವರ್ಷಕ್ಕೆ ಕೊಟ್ಟಿದ್ದ. ಬುಧವಾರ ಉಮರ್ಗಾದ ಕಡೆಯಿಂದ ಕಂಪನಿಯ ಜನ ಬಂದು ಗಡಿಯುದ್ದಕ್ಕೂ ಕಂಬ ನೆಟ್ಟು ಜಾಳಿಗೆ ಬೇಲಿ ಬಿಗಿಯುವವರಿದ್ದರು. ಒಂದೇ ಬಾಗಿಲು, ಅದಕ್ಕೆ ಕೀಲಿ, ಕೀಲಿಗೊಬ್ಬ ಕಾವಲುಗಾರ. ಗದ್ದುಗೆ ಬೇಲಿಯೊಳಗೆ ಹೋದರೆ ಕಾಂತಾಬಾಯಿಯ ಸೋಮವಾರಗಳು ಇಪ್ಪತ್ತೊಂಬತ್ತು ವರ್ಷ ಹೊರಗೇ ಉಳಿಯುತ್ತಿದ್ದವು. ಅವಳಿಗೆ ಆಗಲೇ ಐವತ್ತೆಂಟು.

ಸರಕಾರಿ ಮೋಜಣಿಗೆ ಅರ್ಜಿ ಹಾಕಿದ್ದರೆ ತಾರೀಖು ಫೆಬ್ರವರಿಗೆ ಬೀಳುತ್ತಿತ್ತು. ಹೀಗಾಗಿ ಮನೆತನದ ಅಯ್ಯನವರಾದ ರುದ್ರಯ್ಯನ ಎದುರು, ಅತ್ತಿಗೆ ಮೈದುನ ಇಬ್ಬರೂ ಭಸ್ಮದ ಗಟ್ಟಿಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು: ಉದಗೀರಿನಿಂದ ಅಳೆಯುವವನು ಬರಲಿ, ಅವನು ಗೆರೆ ಎಲ್ಲಿ ಹಾಕುತ್ತಾನೋ ಅಲ್ಲೇ ಗಡಿ. ಮಾತು ಕೊಟ್ಟಿದ್ದೂ ಒಬ್ಬರ ಮುಖ ಒಬ್ಬರು ನೋಡದೆ. ಮಾಳದ ಕರಾರಾದಂದಿನಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ.

ಸುನಿಲ ಸಿವಿಲ್ ಡಿಪ್ಲೊಮಾ ಮಾಡಿ ಪ್ಲಾಟು ಅಳೆದು ಕೊಡುವ ಕಸುಬಿನವನು. ಅವನ ಒಳ್ಳೆಯ ಯಂತ್ರ ಲಾತೂರಿನ ರಸ್ತೆ ಕೆಲಸದ ಮೇಲಿತ್ತು. ಇಲ್ಲಿಗೆ ತಂದದ್ದು ಐವತ್ತು ಮೀಟರಿನ ಟೇಪು, ಕಣ್ಣಿಗೆ ಹಿಡಿದು ಓರೆ ನೋಡುವ ಒಂದು ಪುಟ್ಟ ಉಪಕರಣ, ಒಂದು ಚೀಲ ಸುಣ್ಣದ ಪುಡಿ.

"ನಕಾಶಾದಾಗ ನಲವತ್ತು ಅದ. ಟೇಪಿನ್ಯಾಗೂ ನಲವತ್ತು ಹಿಡಿ. ಮುಗೀತಲ್ಲ?" ಮೇಲಿನಿಂದ ಪಂಡಿತ ಕೂಗಿದ.

"ಹಂಗಲ್ರಿ ಕಾಕಾ. ನಕಾಶಾ ಅಂದ್ರ ಹದ್ದು ಆಕಾಶದಾಗಿಂದ ನೋಡ್ದಂಗ." ಸುನಿಲ ಕೈಯಲ್ಲಿದ್ದ ಬಡಿಗೆಯನ್ನು ಓರೆಯಾಗಿ ಎತ್ತಿ ಹಿಡಿದ. "ಸೂರ್ಯಾ ನೆತ್ತಿ ಮ್ಯಾಲ ಇದ್ದಾಗ ಈ ಬಡಗಿದು ನೆರಳು ಎಷ್ಟು ಬೀಳ್ತದ? ಬಡಗಿಗಿಂತ ಗಿಡ್ಡ. ನಕಾಶಾದಾಗಿರೋದು ನೆರಳು. ನೆಲಾ ಅಂದ್ರ ಬಡಗಿ. ನೆರಳು ನಲವತ್ತು ಬರಬೇಕಂದ್ರ ಬಡಗಿ ನಲವತ್ತಕ್ಕಿಂತ ಉದ್ದ ಹಿಡೀಬೇಕು."

"ಅಂದ್ರ ನನ್ನ ಮಾಳ ಗಿಡ್ಡ ಆಗ್ತದ ಅನ್ನು."

ಹಳ್ಳದ ದಂಡೆಯ ಬಂಡೆಯೊಂದರ ಮೇಲೆ ಕುಳಿತಿದ್ದ ರುದ್ರಯ್ಯ ಶಲ್ಯ ಸರಿಪಡಿಸಿಕೊಂಡ. "ಮಾಳ ಗಿಡ್ಡ ಆಗಂಗಿಲ್ಲೋ ಪಂಡಿತಾ. ನಿನ್ನ ಮಾರಿ ಅಷ್ಟೇ ಗಿಡ್ಡ ಆಗ್ಯದ. ಅಳೀಲಿ ಬಿಡು ಅಂವಾ."

ಸುನಿಲ ಉಪಕರಣವನ್ನು ಕಣ್ಣಿಗೆ ಹಿಡಿದು ಮೂರು ಸಲ ನೋಡಿದ. ಓರೆ ಕೆಳಗಿನಿಂದ ಮೇಲಿನವರೆಗೆ ಒಂದೇ ಸಮ ಇತ್ತು: ಎರಡು ಮೀಟರ್ ಮುಂದಕ್ಕೆ ಹೋದರೆ ಒಂದು ಮೀಟರ್ ಏರು. ಪೆನ್ನು ತೆಗೆದು ಅಂಗೈಯ ಮೇಲೆ ಬರೆಯುತ್ತ, ಪರೀಕ್ಷೆಗೆ ಬಾಯಿಪಾಠ ಮಾಡಿದವನಂತೆ ಗಟ್ಟಿಯಾಗಿ ಹೇಳಿದ: "ನಲವತ್ತಕ್ಕ ಇಪ್ಪತ್ತು ಏರು. ಏರಿನ ವರ್ಗ ನಾಕನೂರು. ಎರಡು ನಲವತ್ತಲೆ ಎಂಬತ್ತು. ನಾಕನೂರಕ್ಕ ಎಂಬತ್ತರಿಂದ ಭಾಗ ಹಾಕಿದ್ರ ಐದು. ನಲವತ್ತಕ್ಕ ಐದು ಕೂಡಸ್ರಿ. ನಲವತ್ತೈದು ಮೀಟರ್. ನೋಡ್ರಿ, ಬರೊಬ್ಬರಿ ಬಂತು, ಪಾಯಿಂಟ್ ಸೈತ ಇಲ್ಲ!"

ಟೇಪಿನ ನಲವತ್ತೈದರ ಗೆರೆ ಬಿದ್ದ ಕಡೆ ಪಂಡಿತ ಒಂದು ಗೂಟ ಹೊಡೆದ. ಸುನಿಲ ಹತ್ತಿ ಹೋಗಿ ಅಲ್ಲಿಂದ ಎಡಕ್ಕೂ ಬಲಕ್ಕೂ ಸುಣ್ಣದ ಗೆರೆ ಎಳೆದ. ಎಲ್ಲರೂ ಮೇಲೆ ಹೋಗಿ ನೋಡಿದರು. ಗದ್ದುಗೆಯ ಮೇಲಿನ ಅಂಚು ಟೇಪಿನ ಮೇಲೆ ನಲವತ್ತನಾಲ್ಕು ಮೀಟರ್ ತೊಂಬತ್ತು ಸೆಂಟಿಮೀಟರಿನಲ್ಲಿತ್ತು. ಗೆರೆ ಅದಕ್ಕಿಂತ ಹತ್ತು ಸೆಂಟಿಮೀಟರ್ ಮೇಲೆ.

ಕಾಂತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಳಿತುಬಿಟ್ಟಳು. "ಉಳ್ಕೊಂಡ್ರು," ಅಂದಳು. ಸತ್ತ ಗಂಡನ ಬಗ್ಗೆ ಆ ಮಾತು ಹೊಂದುತ್ತದೋ ಇಲ್ಲವೋ ಎಂದು ಯಾರೂ ಯೋಚಿಸಲಿಲ್ಲ.

"ಆತಲ್ಲ," ಅಂದ ಪಂಡಿತ. "ಮಾತಂದ್ರ ಮಾತು." ಆದರೆ ಅವನ ಮುಖದಲ್ಲಿ ಸೋತ ಸಿಟ್ಟೂ ಇರಲಿಲ್ಲ, ಮುಗಿದ ಸಮಾಧಾನವೂ ಇರಲಿಲ್ಲ. ಗೆರೆಯಾಚೆಯ ಹುಲ್ಲನ್ನು ನೋಡುತ್ತ ನಿಂತಿದ್ದ.

ಮೀನಲ ಇದನ್ನು ಕಂಡಳು, ಆದರೆ ಅವಳ ತಲೆ ಬೇರೆ ಕಡೆ ಓಡುತ್ತಿತ್ತು. ಸಿದ್ಧೇಶ್ವರನ ಒಬ್ಬಳೇ ಮಗಳು ಅವಳು, ಇಪ್ಪತ್ತೊಂಬತ್ತರವಳು, ನಿಲಂಗಾದ ಒಂದು ಜೂನಿಯರ್ ಕಾಲೇಜಿನಲ್ಲಿ ಹನ್ನೊಂದನೆಯ ತರಗತಿಗೆ ಗಣಿತ ಹೇಳಿಕೊಡುತ್ತಿದ್ದಳು. ಸುನಿಲ ಅಂಗೈಯ ಮೇಲೆ ಬರೆದ ಲೆಕ್ಕ ಅವಳಿಗೆ ಗುರುತಿನದು. ಇದೇ ವಾರ ಅದನ್ನು ಕಪ್ಪು ಹಲಗೆಯ ಮೇಲೆ ಬೇರೆ ವೇಷದಲ್ಲಿ ಬರೆದಿದ್ದಳು. ದ್ವಿಪದ ಪ್ರಮೇಯ.

ಒಂದಕ್ಕೆ ಒಂದು ಸಣ್ಣ ಸಂಖ್ಯೆ ಕೂಡಿಸಿ ಘಾತಕ್ಕೆ ಏರಿಸುವುದು. ಘಾತ ಎರಡಾದರೆ ವಿಸ್ತರಣೆಯಲ್ಲಿ ಮೂರು ಪದ, ಮೂರಾದರೆ ನಾಲ್ಕು ಪದ, ಹತ್ತಾದರೆ ಹನ್ನೊಂದು. ಎಷ್ಟೇ ಉದ್ದವಾಗಲಿ, ಅದು ತಾನಾಗಿಯೇ ಮುಗಿಯುತ್ತದೆ. ಏಕೆಂದರೆ ಒಂದೊಂದು ಹೊಸ ಪದ ಬಂದಾಗಲೂ ಘಾತದಿಂದ ಒಂದು, ಎರಡು, ಮೂರು ಹೀಗೆ ಕಳೆದದ್ದನ್ನು ಗುಣಿಸುತ್ತ ಹೋಗಬೇಕು. ಘಾತ ಸ್ವಾಭಾವಿಕ ಸಂಖ್ಯೆಯಾಗಿದ್ದರೆ ಒಂದು ಕಡೆ ಸೊನ್ನೆ ಬಂದೇ ಬರುತ್ತದೆ, ಅಲ್ಲಿಂದಾಚೆ ಎಲ್ಲವೂ ಸೊನ್ನೆ. ಆದರೆ ಘಾತ ಅರ್ಧವಾಗಿದ್ದರೆ, ಎಂದರೆ ವರ್ಗಮೂಲವಾಗಿದ್ದರೆ, ಅರ್ಧದಿಂದ ಒಂದು ಕಳೆ, ಎರಡು ಕಳೆ, ನೂರು ಕಳೆ, ಸೊನ್ನೆ ಎಂದೂ ಸಿಗುವುದಿಲ್ಲ. ಪದಗಳು ಬರುತ್ತಲೇ ಇರುತ್ತವೆ. ಕೂಡಿಸಿದ ಸಂಖ್ಯೆ ಒಂದಕ್ಕಿಂತ ಸಣ್ಣದಿದ್ದರೆ ಪದಗಳು ಬಡವಾಗುತ್ತ ಬಡವಾಗುತ್ತ ಹೋಗಿ ಅವುಗಳ ಮೊತ್ತ ಒಂದು ಬೆಲೆಯ ಹತ್ತಿರ ಬಂದು ನೆಲೆಸುತ್ತದೆ. ದೊಡ್ಡದಿದ್ದರೆ ಎಲ್ಲಿಯೂ ನೆಲೆಸುವುದಿಲ್ಲ.

ಗುರುವಾರ ಇಷ್ಟು ಹೇಳಿ ಮುಗಿಸಿದಾಗ ಮೂರನೆಯ ಬೆಂಚಿನ ಕಾಜಲ ಎದ್ದು ನಿಂತಿದ್ದಳು. ಗುಂಜೋಟಿಯ ಹುಡುಗಿ, ನಿಲಂಗಾದ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದವಳು. "ಮುಗಿಯಂಗೇ ಇಲ್ಲಂದ್ರ ಎಲ್ಲಿ ನಿಲ್ಲಿಸೋದ್ರೀ ಮ್ಯಾಡಮ್?"

"ಉಳಿದದ್ದು ಲೆಕ್ಕಕ್ಕ ಬರದಷ್ಟು ಸಣ್ಣದು ಆದಾಗ ನಿಲ್ಲಿಸಬೇಕು."

"ಯಾರ ಲೆಕ್ಕಕ್ಕ್ರೀ?"

ತರಗತಿ ನಕ್ಕಿತ್ತು. ಮೀನಲಳೂ ನಕ್ಕು, ಪ್ರಶ್ನೆಪತ್ರಿಕೆಯಲ್ಲಿ ಎಷ್ಟು ದಶಾಂಶ ಸ್ಥಾನ ಕೇಳಿರುತ್ತಾರೋ ಅಷ್ಟು ಎಂದು ಹೇಳಿ ಗಂಟೆ ಹೊಡೆಯುವುದನ್ನೇ ಕಾದಿದ್ದಳು.

ಸುನಿಲನ ಸೂತ್ರ ಎರಡನೆಯ ಪದಕ್ಕೇ ನಿಂತುಬಿಟ್ಟಿತ್ತು. ಏರು ನಲವತ್ತರ ಅರ್ಧ, ಅರ್ಧದ ವರ್ಗ ಕಾಲು: ನಲವತ್ತನ್ನು, ಒಂದಕ್ಕೆ ಆ ಕಾಲು ಕೂಡಿಸಿದ ಮೊತ್ತದ ವರ್ಗಮೂಲದಿಂದ ಗುಣಿಸಬೇಕು. ಮೊದಲ ಪದ ನಲವತ್ತು, ಎರಡನೆಯದು ಐದು. ಅಲ್ಲಿಗೆ ನಲವತ್ತೈದು. ಮೂರನೆಯ ಪದ ಕಳೆಯುವಂಥದ್ದು: ನಲವತ್ತನ್ನು ನೂರಿಪ್ಪತ್ತೆಂಟರಿಂದ ಭಾಗಿಸಿದ್ದು, ಮೂವತ್ತೊಂದು ಸೆಂಟಿಮೀಟರಿಗೂ ಚೂರು ಹೆಚ್ಚು. ನಾಲ್ಕನೆಯದು ಕೂಡಿಸುವಂಥದ್ದು, ನಾಲ್ಕು ಸೆಂಟಿಮೀಟರಿಗೆ ಚೂರು ಕಡಿಮೆ. ಐದನೆಯದು ಅರ್ಧ ಸೆಂಟಿಮೀಟರಿನ ಆಸುಪಾಸು, ಮತ್ತೆ ಕಳೆಯುವಂಥದ್ದು. ನಲವತ್ತನಾಲ್ಕು ಮೀಟರ್ ಎಪ್ಪತ್ತೆರಡು ಸೆಂಟಿಮೀಟರಿನಲ್ಲಿ ಲೆಕ್ಕ ನೆಲೆಸುತ್ತಿತ್ತು. ಎಲ್ಲರ ಜೇಬಿನಲ್ಲೂ ಫೋನಿತ್ತು, ಫೋನಿನಲ್ಲಿ ವರ್ಗಮೂಲದ ಗುಂಡಿಯಿತ್ತು. ಆದರೆ ನಲವತ್ತೈದು ಎಂಬ ಪೂರ್ಣ ಸಂಖ್ಯೆ ಬಂದಾಗ ಅದನ್ನು ಸಂಶಯಪಡುವ ಮನಸ್ಸು ಯಾರಿಗೂ ಬರಲಿಲ್ಲ. ಅವಳು ಬೆನ್ನು ತಿರುಗಿಸಿ ನಿಂತು ಗುಂಡಿ ಒತ್ತಿದಳು. 44.72135955.

ಸುನಿಲ ಬಿಟ್ಟ ಪದಗಳೆಲ್ಲ ಸೇರಿ ಇಪ್ಪತ್ತೆಂಟು ಸೆಂಟಿಮೀಟರ್. ನಿಜವಾದ ಗೆರೆ ಗದ್ದುಗೆಯ ಅಂಚಿನಿಂದ ಹದಿನೆಂಟು ಸೆಂಟಿಮೀಟರ್ ಕೆಳಗೆ, ಸುಣ್ಣ ಬಳಿದ ಕಟ್ಟೆಯ ಮೇಲೆಯೇ ಹಾದು ಹೋಗುತ್ತಿತ್ತು.

ಅವಳು ಹೇಳದಿದ್ದರೆ ಇದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ರುದ್ರಯ್ಯ ಮತ್ತು ಸುನಿಲ ಹಳ್ಳದ ಹತ್ತಿರ ಚಹಾದ ಥರ್ಮಾಸು ಬಿಚ್ಚಿದರು. ಪಂಡಿತ ದೂರದಲ್ಲಿ ಒಬ್ಬನೇ ಕುಳಿತ. ಮೀನಲ ತಾಯಿಯನ್ನು ತೊಗರಿ ಸಾಲಿನ ಮರೆಗೆ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದಳು.

ಕಾಂತಾಬಾಯಿ ಒಂದು ತೊಗರಿಕಾಯಿ ಕಿತ್ತು ಬಿಡಿಸಿದಳು, ಕಾಳು ಬಾಯಿಗೆ ಹಾಕಿಕೊಳ್ಳಲಿಲ್ಲ.

"ನೀ ಎಷ್ಟು ಸಾಲಿ ಕಲ್ತೀಯವ್ವಾ?"

"ಎಮ್ಮೆಸ್ಸಿ."

"ಅಪ್ಪನ್ನ ಬೇಲ್ಯಾಗ ಹಾಕ್ಲಿಕ್ಕ ಕಲ್ತಿ ಏನು? ಅಳತಿ ಮಾಡಾಂವಾ ಅಳದಾನ. ಅಂವಾ ಹೊರಗಿನಾಂವಾ, ಯಾರ ಕಡಿದಾಂವನೂ ಅಲ್ಲ. ತಪ್ಪಾದ್ರ ಅವನ ತಪ್ಪು. ನಿಂಗ್ಯಾಕ ಬೇಕು?"

"ನಂಗ ಗೊತ್ತಾಗೇದಲ್ಲವ್ವಾ. ಗೊತ್ತಾಗೋತನಕ ಅವನ ತಪ್ಪು. ಈಗ ಸುಮ್ನ ಕುಂತ್ರ ನಂದಾಗ್ತದ."

"ಒಂದು ಗೇಣು ಜಾಗಾ!"

"ಗೇಣೇ. ಬಾಂಧ ಕೊರಿಯೋರೂ ವರ್ಷಕ್ಕ ಗೇಣೇ ಕೊರೀತಾರ."

ಆ ಮಾತು ಅವಳ ಬಾಯಿಂದ ಬಂದದ್ದೇ ತಡ, ಹೇಳಬಾರದಿತ್ತು ಅನಿಸಿತು. ಆ ಸೀಮೆಯಲ್ಲಿ ಬಾಂಧ ಕೊರೆಯುವುದಕ್ಕಿಂತ ಕೀಳು ಬೈಗುಳವಿಲ್ಲ. ನೇಗಿಲು ತಿರುಗಿಸುವಾಗ ನೆರೆಯವನ ಬದುವಿನ ಮಣ್ಣನ್ನು ವರ್ಷಕ್ಕೊಂದಿಷ್ಟು ತನ್ನ ಕಡೆ ಎಳೆದುಕೊಳ್ಳುವವನ ಮನೆಗೆ ಹೆಣ್ಣು ಕೊಡಲೂ ಜನ ಹಿಂಜರಿಯುತ್ತಾರೆ. ಟ್ರ್ಯಾಕ್ಟರು ಬಂದ ಮೇಲೆ ಕೊರೆಯುವುದು ಸುಲಭವಾಗಿದೆ, ಹೆಸರು ಮಾತ್ರ ಅದೇ ಉಳಿದಿದೆ. ಸಿದ್ಧೇಶ್ವರ ಬಾಂಧದ ಹತ್ತಿರ ಬಂದಾಗ ಡ್ರೈವರನನ್ನು ಇಳಿಸಿ, ಕೊನೆಯ ಸಾಲನ್ನು ಗುದ್ದಲಿಯಿಂದ ತಾನೇ ತೆಗೆಯುತ್ತಿದ್ದ.

ಕಾಂತಾಬಾಯಿ ಬಿಡಿಸಿದ ಕಾಳನ್ನು ನೆಲಕ್ಕೆ ಚೆಲ್ಲಿದಳು. "ನನಗ ಕೇಳಬ್ಯಾಡ," ಅಂದಳು. "ನಾ ಹೂಂ ಅನ್ನಂಗಿಲ್ಲ. ಅನ್ನೂದಾಗಂಗಿಲ್ಲ ನನ್ನ ಕಡಿಂದ." ಮುಖ ತಿರುಗಿಸಿಕೊಂಡೇ ಹೇಳಿದಳು: "ಹೇಳೋದಿದ್ರ ಅಲ್ಲಿ ಮ್ಯಾಲ ಹೋಗಿ, ನಿಮ್ಮಪ್ಪನ ಗದ್ದುಗಿ ಮುಂದ ಹೇಳು. ಅವರ ಹಿಂದ ಹೇಳಬ್ಯಾಡ."

ಎಲ್ಲರೂ ಮತ್ತೆ ಗದ್ದುಗೆಯ ಹತ್ತಿರ ಸೇರಿದರು. ಮೀನಲ ಗೆರೆಯ ಮೇಲೆ ನಿಂತು, "ಕಾಕಾ, ಈ ಗೆರಿ ತಪ್ಪದ. ಇನ್ನಾ ಕೆಳಗ ಬರಬೇಕು," ಅಂದಳು.

ಪಂಡಿತ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಕೆಳಗ? ಅಂದ್ರ ನನಗ ಜಾಸ್ತಿ?"

"ಹೌದು. ಇಪ್ಪತ್ತೆಂಟು ಸೆಂಟಿಮೀಟರ್."

"ಅಯ್ನೋರೇ, ಕೇಳಿದ್ರ್ಯಾ? ತನ್ನ ಕಡಿ ಜಾಗಾ ಬಿಟ್ಟು ಕೊಡೋ ಮಂದಿ ಈ ತಾಲೂಕಿನ್ಯಾಗ ನಾ ಇನ್ನಾ ನೋಡಿಲ್ಲ. ಇದ್ರಾಗ ಏನರೆ ಕಾವಾ, ಮೋಸಾ ಇರ್ತದ. ಇವತ್ತು ಗೇಣು ಕೊಟ್ಟಂಗ ಮಾಡಿ ನಾಳೆ ಕೋರ್ಟಿನ್ಯಾಗ ಮಾರು ಕೇಳ್ತಾರ."

"ಮ್ಯಾಡಮ್, ನಮ್ಮ ಸೂತ್ರ ಪುಸ್ತಕದಾಗಿಂದು," ಅಂದ ಸುನಿಲ, ಕಿವಿ ಕೆಂಪಾಗಿತ್ತು. "ಹತ್ತು ವರ್ಷ ಆತು, ಇದ್ರಮ್ಯಾಲೇ ನೂರಾರು ಪ್ಲಾಟು ಅಳದೀನಿ."

"ಪುಸ್ತಕ ಸುಳ್ಳಲ್ರಿ. ಪ್ಲಾಟು ಸಪಾಟ ಇರ್ತಾವ. ಇಪ್ಪತ್ತಕ್ಕ ಒಂದು ಏರಿದ್ರ ನೀವು ಬಿಟ್ಟಿದ್ದು ಕೂದಲಿಗಿಂತ ಸಣ್ಣದು. ಇಲ್ಲಿ ಎರಡಕ್ಕ ಒಂದು ಅದ. ಬಿಟ್ಟಿದ್ದು ಗೇಣು ದಾಟೇದ. ಬಾಯಿ ಮಾತು ಬ್ಯಾಡ, ಕೆಳಗ ಬರ್ರಿ, ಟೇಪಿನ್ಯಾಗೇ ತೋರಸ್ತೀನಿ. ಕಾಕಾ, ನೀವೇ ಓದ್ರಿ."

ಹಳ್ಳದ ದಂಡೆಯ ಸಮ ನೆಲದ ಮೇಲೆ ಅವಳು ಗೂಟಗಳನ್ನು ಹೊಡೆಸಿದಳು. ಮನೆ ಕಟ್ಟುವ ಗೌಂಡಿಗಳು ಮೂಲೆ ಹಿಡಿಯುವಂತೆ ಮೂರು, ನಾಲ್ಕು, ಐದರ ಹಗ್ಗದಿಂದ ಸುನಿಲನೇ ಲಂಬಕೋನ ಹಿಡಿದ. ಒಂದು ಕಡೆ ನಾಲ್ಕು ಮೀಟರ್, ಇನ್ನೊಂದು ಕಡೆ ಎರಡು ಮೀಟರ್. ಗುಡ್ಡವನ್ನು ಹತ್ತರಲ್ಲಿ ಒಂದು ಪಾಲು ಮಾಡಿ ಅಡ್ಡ ಮಲಗಿಸಿದಂತೆ. "ನಿಮ್ಮ ಸೂತ್ರದ ಪ್ರಕಾರ ಓರಿ ಎಷ್ಟು ಬರಬೇಕ್ರಿ ಸುನಿಲ?"

"ನಾಲ್ಕೂವರೆ ಮೀಟರ್," ಅಂದ ಅವನು, ಅಂಗೈ ನೋಡದೆ.

ಪಂಡಿತ ಮಂಡಿಯೂರಿ ಕುಳಿತು, ಟೇಪನ್ನು ಗೂಟದಿಂದ ಗೂಟಕ್ಕೆ ಬಿಗಿಯಾಗಿ ಎಳೆದ. ಕನ್ನಡಕ ಹಣೆಗೇರಿಸಿ ಓದಿದ. ಮತ್ತೆ ಎಳೆದು ಓದಿದ. "ನಾಲ್ಕು ಮೀಟರ್... ನಲವತ್ತೇಳು. ನಲವತ್ತೇಳಕ್ಕ ಒಂದು ದಾರದಷ್ಟು ಮ್ಯಾಲ."

"ನಾಲ್ಕರಾಗೇ ಸುಮಾರು ಮೂರು ಸೆಂಟಿಮೀಟರ್ ಫರಕು ಬಿತ್ತು. ನಲವತ್ತರಾಗ ಅದ್ರ ಹತ್ತು ಪಟ್ಟು."

ಸುನಿಲ ಟೇಪು ಸುತ್ತುತ್ತ ತಲೆ ಎತ್ತಲಿಲ್ಲ. "ಡಿಪ್ಲೊಮಾದಾಗ ಆ ಸೂತ್ರ ಎಲ್ಲಿಂದ ಬಂತಂತ ನಮಗ ಹೇಳೇ ಇಲ್ರಿ," ಅಂದ. "ಅದಕ್ಕ ಬಾಲ ಅದ ಅಂತ ಗೊತ್ತೇ ಇದ್ದಿಲ್ಲ."

ಅವನೇ ಓರೆ ಹತ್ತಿ ಹೊಸ ಗೆರೆ ಹಾಕಿದ. ಸುಣ್ಣ ಬಳಿದ ಕಟ್ಟೆಯ ಮೇಲೆ ಸುಣ್ಣದ ಗೆರೆ ಕಾಣುತ್ತಿರಲಿಲ್ಲ. ಹೀಗಾಗಿ ಎರಡು ಬದಿಗೆ ಕಲ್ಲಿಟ್ಟು ದಾರ ಕಟ್ಟಿದ. ಕೆಂಪು ದಾರ ಸಿದ್ಧೇಶ್ವರನ ಗದ್ದುಗೆಯ ಮೇಲೆ ಹಾದು ಹೋಯಿತು. ಕಾಂತಾಬಾಯಿ ನೋಡಲಾರದೆ ಹಳ್ಳದ ಕಡೆ ಮುಖ ಮಾಡಿ ನಿಂತಳು.

"ಕಟ್ಟಿ ಮ್ಯಾಲ ಖಂಬ ನಿಲ್ಲಸ್ಲಿಕ್ಕ ಬರಂಗಿಲ್ಲ," ರುದ್ರಯ್ಯ ನಿಧಾನವಾಗಿ ಹೇಳಿದ. "ಗದ್ದುಗಿ ಎರಡು ಪಾಲು ಮಾಡಿದ್ದು ನಾ ಎಲ್ಲೂ ಕೇಳಿಲ್ಲ. ಪೂರಾ ಈ ಕಡಿ ಇಲ್ಲಾ ಪೂರಾ ಆ ಕಡಿ. ಮಾತು ಕೊಟ್ಟೀರಿ, ಅಳತಿ ಆಗೇದ. ಪಂ‌ಡಿತಾ, ಈಗ ನೀನೇ ಹೇಳು."

ಪಂಡಿತ ಚಪ್ಪಲಿಯನ್ನು ಆಗಲೇ ಕೆಳಗೆ ಬಿಟ್ಟು ಬಂದಿದ್ದ. ದಾರವನ್ನು ನೋಡಿದ, ಅಣ್ಣನ ಮಗಳನ್ನು ನೋಡಿದ.

"ಅಣ್ಣಾ ಈ ಕಟ್ಟಿ ಕೆಳಗ ಇಲ್ಲ."

ಕಾಂತಾಬಾಯಿ ತಿರುಗಿದಳು.

"ಆವತ್ತ ಕುಣಿ ನಾನೇ ತೋಡೀನಿ. ಹೆಣ್ಮಕ್ಕಳನ್ನ ಮನಿಗಿ ಕಳಿಸಿದ್ರು. ಕ್ರಿಯಾ ಮಾಡ್ಸಿದ್ದು ನಿಮ್ಮಪ್ಪೋರು, ಅಯ್ನೋರೇ, ಅವರೂ ಈಗಿಲ್ಲ. ಕೆಳಗ ಎರಡು ಕಡಿ ಹಾರಿ ಹಾಕಿದ್ರ ಮುರುಮ ಹತ್ತಿತು, ಅದಕ್ಕ ಇಷ್ಟು ಮ್ಯಾಲ ಬಂದಿವಿ. ನಿಮ್ಮಪ್ಪೋರು ಅಂದ್ರು, ಕುಣ್ಯಾಗ ಹಂಗೇ ಕೂಡಿಸಿ ಮಣ್ಣು ಎಳಿಯೋದು ಈಗಿನ ಮಂದಿ ಪದ್ಧತಿ, ನಾ ಇರೋತನಕ ಹಂಗ ಆಗಬಾರ್ದು. ಪಡುವಣ ಗ್ವಾಡ್ಯಾಗ ಗೂಡು ಕೊರಸಿದ್ರು. ಮಾರಿ ಮೂಡಣಕ್ಕ ಬರಂಗ ಅಣ್ಣಾನ್ನ ಆ ಗೂಡಿನ್ಯಾಗ ಕೂಡಿಸಿವಿ." ಅವನು ಗೆರೆಯಾಚೆಯ ಹುಲ್ಲಿನ ಕಡೆ ಕೈ ಮಾಡಿದ. "ಪಡುವಣ ಅಂದ್ರ ಆ ಕಡಿ. ಗುಡ್ಡದ ಒಳಗ. ಕಟ್ಟಿ ಕೆಳಗ ಇರೋದು ಬರೇ ಮಣ್ಣು. ಅಣ್ಣಾ ಅಲ್ಲಿ ಕುಂತಾನ."

ನಲವತ್ತೈದರ ಗೆರೆ ಸರಿಯಾಗಿ ಆ ಗೂಡಿನ ಮೇಲೆ ಇತ್ತು. ಬುಧವಾರ ಕಂಬಕ್ಕೆ ಕುಣಿ ತೋಡಿದ್ದರೆ ಹಾರೆ ಎಲ್ಲಿ ಇಳಿಯುತ್ತಿತ್ತು ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

"ಮತ್ತ ಇಷ್ಟು ದಿನ ಯಾಕ ಸುಮ್ಮನಿದ್ರಿ ಕಾಕಾ?" ಮೀನಲ ಕೇಳಿದಳು. ಬೈಯುವಂತೆ ಅಲ್ಲ. ಅರ್ಧ ಗಂಟೆಯ ಹಿಂದೆ ಅವಳೂ ಸುಮ್ಮನಿರಬಹುದಿತ್ತು.

"ಹೇಳಿದ್ರ ಜಾಗಾ ಬಿಡಬೇಕಾಗ್ತಿತ್ತು. ಕರಾರದಾಗ ಎಷ್ಟು ಬರದೀನೋ ಅಷ್ಟು ಒಪ್ಪಿಸಬೇಕು. ಮತ್ತ ವೈನಿ ಸಂಗಾಟ ಮಾತಿಲ್ಲ, ನಾನಾಗೇ ಹೋಗಿ ಯಾಕ ಹೇಳ್ಲಿ ಅಂತ ಹಟ. ಇವತ್ತ ಮೊದಲ ನಲವತ್ತಕ್ಕ ನಿಲ್ಲಸ್ಲಿ ಅಂದೆ. ಅಳತಿ ಮಾಡಾಂವಾ ಅದನ್ನ ದಾಟಿದ ಮ್ಯಾಲ, ಇನ್ನಾ ಮ್ಯಾಲ ಹೋಗ್ತಾನ, ಗೂಡು ತಾನೇ ಕೆಳಗ ಉಳೀತದ ಅಂತ ಆಸಿ ಇಟ್ಟಿದ್ದೆ. ಗೆರಿ ಬಂದು ಅಣ್ಣನ ನೆತ್ತಿ ಮ್ಯಾಲೇ ನಿಂತಿತು." ಅವನು ಮುಖ ಒರೆಸಿಕೊಂಡ. "ಆಗೂ ಬಾಯಿ ಬರ್ಲಿಲ್ಲ. ಈ ಪೋರಿ ತನ್ನ ಕಡಿದು ತಾನೇ ಕಡಿಮಿ ಮಾಡ್ಕೊಂಡು ನಿಂತ್ಲು ನೋಡ್ರಿ. ಇನ್ನ ನಾ ಸುಮ್ನ ಇದ್ರ ಮನಶಾ ಅನ್ನಿಸ್ಕೊಳ್ಳಂಗಿಲ್ಲ."

"ಗೂಡು ಎಷ್ಟು ಆಳ ಕೊರದೀರಿ?" ರುದ್ರಯ್ಯ ಕೇಳಿದ. ದನಿಯಲ್ಲಿ ಈಗ ಅಯ್ಯನವರ ಗಾಂಭೀರ್ಯ ಬಂದಿತ್ತು.

"ಮೂರು ಪಾದ. ಅಣ್ಣನ ಪಾದ."

ಆ ಕುಣಿಗಳಿಗೆ ಮೀಟರು, ಫೂಟು ಯಾವುದೂ ನಡೆಯುವುದಿಲ್ಲ. ಸತ್ತವನ ಅಂಗಾಲಿನ ಉದ್ದಕ್ಕೆ ಒಂದು ತೊಗರಿ ಕಡ್ಡಿ ಮುರಿದುಕೊಂಡು ಅದರಿಂದಲೇ ಅಗಲ, ಆಳ, ಗೂಡು ಎಲ್ಲವನ್ನೂ ಅಳೆಯುತ್ತಾರೆ. ಆ ಕಡ್ಡಿಯನ್ನು ಕೊನೆಗೆ ಕುಣಿಯಲ್ಲೇ ಹಾಕಿಬಿಡುತ್ತಾರೆ.

"ಕಡ್ಡಿ ಇಲ್ಲಲ್ಲ ಈಗ," ಅಂದ ಸುನಿಲ.

"ನಮ್ಮಿಬ್ಬರದು ಒಂದೇ ನಂಬರಿನ ಚಪ್ಪಲಿ," ಅಂದ ಪಂಡಿತ. "ಅಂವಾ ಬಿಟ್ಟಿದ್ದು ನಾ ಹಾಕ್ಕೋತಿದ್ದೆ, ನಾ ಬಿಟ್ಟಿದ್ದು ಅಂವಾ."

ಸುನಿಲ ಬಗ್ಗಿ ಅವನ ಅಂಗಾಲಿಗೆ ಟೇಪು ಹಿಡಿದ. ಇಪ್ಪತ್ತಾರು ಸೆಂಟಿಮೀಟರ್. ಪಂಡಿತ ಕಟ್ಟೆಯ ಮೇಲಿನ ಅಂಚಿಗೆ ಹಿಮ್ಮಡಿ ಆನಿಸಿ ನಿಂತ. ಕಟ್ಟೆಯ ಅಂಚೂ ಕುಣಿಯ ಅಂಚೂ ಒಂದೇ, ತಾನೇ ಕಟ್ಟಿದ್ದು ಎಂದ. ಆಮೇಲೆ ಹೆಬ್ಬೆರಳಿಗೆ ಹಿಮ್ಮಡಿ ಹಚ್ಚುತ್ತ ಗುಡ್ಡದ ಮೇಲ್ಮುಖವಾಗಿ ಹೆಜ್ಜೆ ಇಟ್ಟ. ಒಂದು. ಎರಡು. ಮೂರು. ತುಳಿಯುತ್ತಿದ್ದದ್ದು ಅಣ್ಣನ ತಲೆಯ ಮೇಲಿನ ಮಣ್ಣೆಂದು ಅರಿವಾದವನಂತೆ ಪ್ರತಿ ಹೆಜ್ಜೆಗೂ ಕೈ ಮುಗಿದ. ಮೂರು ಮುಗಿದರೂ ಅವನು ನಿಲ್ಲಲಿಲ್ಲ.

"ನಾಲ್ಕು," ಅಂದ. "ಐದು."

"ಗೂಡು ಮೂರೇ ಅಂದಿ?" ರುದ್ರಯ್ಯ ನೆನಪಿಸಿದ.

"ಸುತ್ತ ಹಾಕ್ಲಿಕ್ಕ ಎರಡು ಪಾದ ಬೇಕಲ್ರಿ. ಸೋಮವಾರ ವೈನಿ ಬರ್ತಾಳ. ಇದ್ದ ಜಾಗಾ ಗೊತ್ತಾದ ಮ್ಯಾಲ ಬರೇ ಕಟ್ಟಿ ಸುತ್ತಿದ್ರ ಹ್ಯಾಂಗ?"

ಕಾಂತಾಬಾಯಿ ಅವನನ್ನು ನೇರವಾಗಿ ನೋಡಲಿಲ್ಲ. ರುದ್ರಯ್ಯನ ಕಡೆ ತಿರುಗಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಯ್ನೋರೇ, ಧರ್ಮಕ್ಕ ಬ್ಯಾಡ ಅನ್ರಿ. ಇಲ್ಲಿ ಎಷ್ಟು ಬಿಡ್ತಾನೋ ಅಷ್ಟೇ ಜಾಗಾ ಬಡಗಣ ಮೂಲ್ಯಾಗ ನಮ್ಮ ಕಡಿಂದ ತಗೋ ಅನ್ರಿ. ಬಾಂಧ ಕೊರದ ಹೆಸರು ನಮ್ಮನಿಗಿ ಬ್ಯಾಡ."

ಪಂಡಿತ ಬೇಡ ಅನ್ನಲಿಲ್ಲ. ಅಂದಿದ್ದರೆ ಅವಳು ಒಪ್ಪುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. "ಕಂಪನಿಯವ್ರಿಗೆ ನಾ ಹೇಳ್ತೀನಿ," ಅಂದ. "ಬೇಲಿ ಇಲ್ಲಿ ಒಂದು ಮಣಕಾಲು ಮಡಚ್ಲಿ."

ಸುನಿಲ ಹಾಳೆಯ ಮೇಲೆ ಹೊಸ ನಕಾಶೆ ಬರೆದ. ಗಡಿ ಎರಡೂ ಬದಿಗೆ ನಲವತ್ತನಾಲ್ಕು ಮೀಟರ್ ಎಪ್ಪತ್ತೆರಡರ ಮೇಲೆ ಬಂದು, ಗದ್ದುಗೆಯ ಎದುರಿಗೆ ಮಾತ್ರ ಗುಡ್ಡದ ಕಡೆ ಚೌಕವಾಗಿ ಒಳಸರಿದಿತ್ತು. ಈ ಸಲ ಸಂಖ್ಯೆ ಬರೆಯುವ ಮುನ್ನ ಅವನು ಮೀನಲಳ ಮುಖ ನೋಡಿದ. ಅವಳು ಸೂತ್ರ ಕೇಳಲಿಲ್ಲ. ಟೇಪಿನ ಸೊನ್ನೆಯ ತುದಿ ಹಿಡಿದುಕೊಂಡು ಹಳ್ಳಕ್ಕೆ ಇಳಿದು, ಕಲ್ಲಿನ ನೆತ್ತಿಗೆ ತಾನೇ ಒತ್ತಿ ಹಿಡಿದಳು. ಮೇಲೆ ಪಂಡಿತ ಐದನೆಯ ಪಾದದ ತುದಿಯಲ್ಲಿ, ಕಟ್ಟೆಯ ಅಂಚಿನಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಮೇಲೆ, ಗುಂಡಿ ತೋಡಿ ಹೊಸ ಗಡಿಕಲ್ಲು ನಿಲ್ಲಿಸಿದ. ಮಣ್ಣು ತುಂಬುವಾಗ ಕಾಂತಾಬಾಯಿ ಬಂದು ಕಲ್ಲು ವಾಲದಂತೆ ಎರಡೂ ಕೈಯಿಂದ ಹಿಡಿದಳು. ರುದ್ರಯ್ಯ ಕಲ್ಲಿಗೆ ಮೂರು ಬೆರಳಿನ ಭಸ್ಮ ಎಳೆದ. ಸುನಿಲ ಟೇಪನ್ನು ಬಿಗಿಯಾಗಿ ಎಳೆದು, ಎರಡು ಸಲ ಓದಿ, ಮೂರನೆಯ ಸಲ ಪಂಡಿತನಿಂದ ಓದಿಸಿ, ಹಾಳೆಯ ಮೇಲೆ ಬರೆದ. ಹಳ್ಳದ ಕಲ್ಲಿನಿಂದ ಹೊಸ ಕಲ್ಲಿಗೆ, ನೆಲದ ಓರೆಯ ಮೇಲೆ, ನಲವತ್ತಾರು ಮೀಟರ್ ಇಪ್ಪತ್ತು ಸೆಂಟಿಮೀಟರ್.